ಪದವಿ ಕಾಲೇಜಿನ ಹುಡುಕಾಟ ಒಂಬತ್ತನೇ ತರಗತಿಯಲ್ಲೇ ಆರಂಭವಾಗಲಿ

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಬೆನ್ನಿಗೇ ಪಿಯು ಕಾಲೇಜಿನ ಅರ್ಜಿ ತುಂಬಬೇಕಾಗುತ್ತದೆ. ಆ ಅವಸರದಲ್ಲಿ ಆರಿಸಿಕೊಂಡ ಕಾಂಬಿನೇಷನ್, ಅಂದರೆ ವಿಷಯಗಳ ಗುಂಪು, ಎರಡು ವರ್ಷಗಳ ನಂತರ ಯಾವ ಪದವಿಗೆ ಅರ್ಹತೆ ಉಳಿಯುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ. ಆದ್ದರಿಂದ ಹುಡುಕಾಟವನ್ನು ಪಿಯುವಿನಿಂದಲ್ಲ, ಪದವಿಯಿಂದ ಹಿಂದಕ್ಕೆ ಬರುವಂತೆ ಮಾಡುವುದು ಸರಿಯಾದ ಕ್ರಮ.

ಮೊದಲು ನಿಮಗೆ ಆಸಕ್ತಿಯಿರುವ ಮೂರ್ನಾಲ್ಕು ಪದವಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪ್ರತಿಯೊಂದರ ಎದುರು ದ್ವಿತೀಯ ಪಿಯುವಿನಲ್ಲಿ ಬೇಕಾದ ವಿಷಯಗಳನ್ನೂ ಪ್ರವೇಶ ಪರೀಕ್ಷೆಯ ಹೆಸರನ್ನೂ ಗುರುತಿಸಿಕೊಳ್ಳಿ. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಬೇಕು. ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಜೊತೆಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ನೀಟ್ ಬೇಕು. ಐದು ವರ್ಷಗಳ ಕಾನೂನು ಪದವಿಗೆ ಕಲಾ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಆಗುತ್ತದೆ; ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಗೆ ಸೇರಲು ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡರೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆದರೆ ಗಣಿತವನ್ನೋ ಜೀವಶಾಸ್ತ್ರವನ್ನೋ ಮನಸ್ಸಿಲ್ಲದೆ ಓದುವ ವಿದ್ಯಾರ್ಥಿಗೆ ಆ ಹೊರೆ ಉಳಿದ ವಿಷಯಗಳ ಅಂಕಗಳನ್ನೂ ತಗ್ಗಿಸಬಹುದು. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯು ಅಂಕಗಳಿಗೂ ಅರ್ಧ ತೂಕವಿದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿ, ಮೂರು ವರ್ಷಗಳ ಡಿಪ್ಲೊಮಾ ಪಡೆದು, ಡಿಪ್ಲೊಮಾ ಪಡೆದವರಿಗಾಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಮೂಲಕ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ. ಅದಕ್ಕೆ ಸಲ್ಲಬೇಕಾದ ಗೌರವ ನಮ್ಮಲ್ಲಿ ಇನ್ನೂ ಸಂದಿಲ್ಲ.

ನಂತರ ಕಾಲೇಜುಗಳ ಮಟ್ಟವನ್ನು ಅರಿಯಲು, ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿರುವ ಹಿಂದಿನ ವರ್ಷಗಳ ಕಟ್-ಆಫ್ ಪಟ್ಟಿಗಳನ್ನು ಓದಿ. ಪ್ರತಿ ಕಾಲೇಜಿನ ಪ್ರತಿ ಕೋರ್ಸಿಗೆ ಯಾವ ಮೀಸಲಾತಿ ಪ್ರವರ್ಗದಲ್ಲಿ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬುದು ಅಲ್ಲಿರುತ್ತದೆ. ಪ್ರವರ್ಗದ ಸಂಕೇತದ ಕೊನೆಯಲ್ಲಿ ‘ಆರ್’ ಇದ್ದರೆ ಗ್ರಾಮೀಣ, ‘ಕೆ’ ಇದ್ದರೆ ಕನ್ನಡ ಮಾಧ್ಯಮ ಎಂದರ್ಥ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಇದು ನಿಜವಾದ ಬಲ. ಈ ಹಕ್ಕಿನ ವಿಷಯ ಅವರಿಗೆ ಸೀಟು ಹಂಚುವ ಕೌನ್ಸೆಲಿಂಗ್ ವೇಳೆಯಲ್ಲಲ್ಲ, ಹೈಸ್ಕೂಲಿನಲ್ಲೇ ತಿಳಿದಿರಬೇಕು.

ಜಾಹೀರಾತಿನಲ್ಲಿ ಕಾಣುವ ಅತಿ ಹೆಚ್ಚಿನ ಸಂಬಳದ ಅಂಕಿ ಒಬ್ಬ ವಿದ್ಯಾರ್ಥಿಯದಿರಬಹುದು. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕಾಗಿ ಸಂಸ್ಥೆಗಳು ಸಲ್ಲಿಸುವ ದಾಖಲೆಯಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ (ಅರ್ಧದಷ್ಟು ಮಂದಿಗೆ ಅದಕ್ಕಿಂತ ಹೆಚ್ಚು, ಉಳಿದರ್ಧಕ್ಕೆ ಕಡಿಮೆ ಇರುವ ಮೊತ್ತ) ಎಷ್ಟು ಎಂಬ ವಿವರವಿರುತ್ತದೆ. ಅದನ್ನು ಹುಡುಕಿ ಓದಿ. ಸಾಧ್ಯವಾದರೆ ಹತ್ತಿರದ ಒಂದೆರಡು ಕಾಲೇಜುಗಳಿಗೆ ತರಗತಿಗಳು ನಡೆಯುವ ದಿನವೇ ಹೋಗಿ, ಕಚೇರಿಯವರಿಗಿಂತ ಮೊದಲು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಮಾತನಾಡಿಸಿ. ಪ್ರಯೋಗಾಲಯದಲ್ಲಿ ತಾವೇ ಕೈಯಾರೆ ಕೆಲಸ ಮಾಡುತ್ತಾರೆಯೇ, ಕಾಯಂ ಅಧ್ಯಾಪಕರು ಎಷ್ಟಿದ್ದಾರೆ, ಹಾಸ್ಟೆಲ್ ಮತ್ತು ಬಸ್ಸಿಗೆ ತಿಂಗಳಿಗೆ ಎಷ್ಟು ತಗಲುತ್ತದೆ ಎಂದು ವಿಚಾರಿಸಿ.

ಖರ್ಚಿನ ಮಾತನ್ನು ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಆಡುವುದು ಅಗತ್ಯ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯವರು ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ, ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ರಾಜ್ಯದ ಇತರ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು.

ಕಾಗದಪತ್ರಗಳ ಕೆಲಸವನ್ನೂ ಈಗಲೇ ಮುಗಿಸಿಕೊಳ್ಳಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆದು ಅವುಗಳ ಆರ್‌ಡಿ ಸಂಖ್ಯೆಯನ್ನು (ಪ್ರಮಾಣಪತ್ರದ ಮೇಲಿರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಬೇಕು. ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕಗಳು ಶಾಲಾ ದಾಖಲೆಯಲ್ಲೂ ಆಧಾರ್‌ನಲ್ಲೂ ಒಂದೇ ತೆರನಾಗಿವೆಯೇ ಎಂದು ನೋಡಿ, ವ್ಯತ್ಯಾಸವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೋಂದಣಿಗೆ ಮುನ್ನವೇ ಮುಖ್ಯ ಶಿಕ್ಷಕರ ಬಳಿ ಹೇಳಿ ಸರಿಪಡಿಸಿಕೊಳ್ಳಿ.