ಕಾಸರಗೋಡಿನಲ್ಲಿ ಕೂತು ಮೊದಲ ಕಾದಂಬರಿ ಬರೆಯುವವರಿಗೆ

ದಿನಕ್ಕೆ 300 ಪದ ಬರೆದರೂ ಸಾಕು, 200 ದಿನಕ್ಕೆ 60,000 ಪದಗಳ ಕರಡು ಕೈಯಲ್ಲಿರುತ್ತದೆ. ಹಲವರು ಅರ್ಧಕ್ಕೆ ನಿಲ್ಲುವುದು ಮೊದಲ ಅಧ್ಯಾಯವನ್ನೇ ತಿದ್ದುತ್ತ ಕೂರುವುದರಿಂದ. ಬದಲಿಸಬೇಕಾದ್ದನ್ನು ಬೇರೆ ಪುಸ್ತಕದಲ್ಲಿ ಗುರುತು ಹಾಕಿ ಮುಂದೆ ಹೋಗಿ.

ನಮ್ಮಲ್ಲಿ ನಿಜವಾದ ಕಷ್ಟ ಸಂಭಾಷಣೆಯದ್ದು. ಬದಿಯಡ್ಕದ ಒಂದೇ ಅಂಗಡಿ ಜಗಲಿಯಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಬ್ಯಾರಿ ಎಲ್ಲ ಕೇಳಿಸುತ್ತದೆ. ಹಾಗ್ಹಾಗೇ ಬರೆದರೆ ಧಾರವಾಡದ ಓದುಗರು ಎಡವುತ್ತಾರೆ. ಎಲ್ಲವನ್ನೂ ಗ್ರಾಂಥಿಕ ಮಾಡಿದರೆ ಊರೇ ಕಾಣೆ. ಪ್ರತಿ ಪಾತ್ರ ಮನೆಯಲ್ಲಿ, ಪೇಟೆಯಲ್ಲಿ, ಸಿಟ್ಟು ಬಂದಾಗ ಯಾವ ಭಾಷೆ ಆಡುತ್ತದೆಂದು ಮೊದಲೇ ಬರೆದಿಡಿ. ಬೇರೆ ಭಾಷೆಯ ಮಾತು ಒಂದು ಸಾಲು ಸಾಕು, ಅರ್ಥ ಉತ್ತರದಲ್ಲೇ ತಿಳಿಯಲಿ:

“ಓಡೆ ಪೋಪಿನಿ?”

“ಕುಂಬಳೆಗೆ. ಅಡಿಕೆ ಕೊಡ್ಲಿಕ್ಕುಂಟು.”

ಅಡಿಟಿಪ್ಪಣಿ ಖಂಡಿತ ಬೇಡ.

ಕಥೆಯ ಕಾಲ 1956ರ ನವೆಂಬರ್ 1ಕ್ಕಿಂತ ಹಿಂದಿನದಾದರೆ, ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದುದರಿಂದ, ಜಿಲ್ಲಾ ಕಚೇರಿಯ ಕೆಲಸಕ್ಕೆ ಪಾತ್ರಗಳು ಮಂಗಳೂರಿಗೇ ಹೋಗಬೇಕು, ನೆನಪಿರಲಿ.

“ತೋಟ ಹಸಿರಾಗಿತ್ತು” ಎಂಬ ವಾಕ್ಯ ಯಾವ ಊರಿಗೂ ಸಲ್ಲುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಬಿಡದೆ, ಎರಡನೇ ಸಲ ಬೋರ್ಡೋ ಮದ್ದು ಹೊಡೆಯಲಾಗದೆ, ಕೊಳೆರೋಗ ಬಂದು ಎಳೆ ಅಡಿಕೆ ಬುಡದಲ್ಲಿ ಉದುರಿರುವ ಬೆಳಗ್ಗೆಯಿಂದ ಶುರುಮಾಡಿ. ಆ ಮನೆಯ ಸಾಲ, ಮದುವೆ ಮಾತುಕತೆ ತಾವಾಗಿ ಒಳಬರುತ್ತವೆ.

ಕರಡು ಮುಗಿದ ಮೇಲೆ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ಉಸಿರು ಕಟ್ಟುವ ವಾಕ್ಯವನ್ನು ಎರಡಾಗಿ ಒಡೆಯಿರಿ.