ಮಕ್ಕಳು, ಕುನ್ನಿಮರಿ, ಮೆಂತೆ ಮಡಿ: ಒಂದೇ ಹಿತ್ತಲಲ್ಲಿ ಮೂರೂ

ಕಾರ ಹುಣ್ಣಿಮೆ ಮುಗಿದು ಎರಡು ಹದ ಮಳೆ ಬಿದ್ದರೆ ಸಾಕು, ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹಿತ್ತಲಿಗೆ ಬೀಜ ಹಾಕುವ ಮಾತು ಶುರುವಾಗುತ್ತದೆ. ಅದೇ ಹೊತ್ತಿಗೆ ಮಕ್ಕಳು ಓಣಿಯಲ್ಲಿ ಕಂಡ ಕುನ್ನಿಮರಿಯನ್ನು ಮನೆಗೆ ತರೋಣ ಅಂತ ಹಟ ಹಿಡಿದಿರುತ್ತಾರೆ. ಎರಡಕ್ಕೂ ಹೂಂ ಅನ್ನಿ. ಆದರೆ ಮರಿ ಕಾಲಿಡುವ ಮುಂಚೆ ಹಿತ್ತಲು ತಯಾರಾಗಿರಲಿ. ಮಗು ಕೈಯಾಡಿಸುವ ಮಣ್ಣನ್ನೇ ಮರಿ ಕೆದರುತ್ತದೆ, ಅದೇ ಮಣ್ಣಿನ ಪಲ್ಲೆ ಊಟದ ತಾಟಿಗೆ ಬರುತ್ತದೆ. ಮಣ್ಣು ಸರಿಯಿದ್ದರೆ ಮೂರೂ ಸರಿ.

ಮೊದಲು ಜಾಗ ಹಂಚಿ

ಹಿತ್ತಲು ಎಷ್ಟೇ ಚಿಕ್ಕದಿರಲಿ, ಅದರಲ್ಲಿ ಮೂರು ಜಾಗ ಬೇಕು. ಬಿಸಿಲು ಚೆನ್ನಾಗಿ ಬೀಳುವ ಕಡೆ ಪಲ್ಲೆ ಮಡಿ. ಅದರಿಂದ ದೂರದ ಮೂಲೆಯಲ್ಲಿ ಮರಿಯ ಶೌಚಕ್ಕೆ ಜಾಗ. ಇನ್ನೊಂದು ಮೂಲೆಯಲ್ಲಿ ಮರಿ ಕೆದರಿ ಆಡಲು ಒಂದಿಷ್ಟು ಉಸುಕು.

ಮೂರನೆಯದನ್ನು ಬಿಡಬೇಡಿ. ಮರಿಗಳು ಕೆದರಿಯೇ ಕೆದರುತ್ತವೆ, ಬೈದರೆ ನಿಲ್ಲುವುದಿಲ್ಲ. ಹದ ಮಾಡಿದ ಮೆತ್ತನೆ ಮಡಿ ಕಂಡರಂತೂ ಅವಕ್ಕೆ ಹಬ್ಬ. ನಾಲ್ಕು ಇಟ್ಟಂಗಿ ಜೋಡಿಸಿ ಒಂದೆರಡು ಬುಟ್ಟಿ ಉಸುಕು ಸುರಿಯಿರಿ. ಅದರೊಳಗೆ ಒಂದು ಹಗ್ಗದ ಗಂಟು, ಒಂದು ರಬ್ಬರ್ ಚೆಂಡು ಹೂತಿಡಿ. ಮಡಿ ಕೆದರಲು ಬಂದಾಗಲೆಲ್ಲ ಸುಮ್ನೆ ಎತ್ತಿಕೊಂಡು ಹೋಗಿ ಉಸುಕಿನಲ್ಲಿ ಬಿಡಿ. ಅಲ್ಲಿ ಕೆದರಿದಾಗ ಶಹಬ್ಬಾಸ್ ಅನ್ನಿ. ಈ ಕೆಲಸ ಮಕ್ಕಳಿಗೆ ಕೊಡಿ, ಬೇಸರವಿಲ್ಲದೆ ಮಾಡುತ್ತಾರೆ. ರಾತ್ರಿ ಉಸುಕಿನ ಮೇಲೆ ತಾಡಪತ್ರಿ ಮುಚ್ಚಿ, ಇಲ್ಲದಿದ್ದರೆ ಓಣಿಯ ಬೆಕ್ಕುಗಳು ಅಲ್ಲೇ ಹೊಲಸು ಮಾಡುತ್ತವೆ.

ಮಡಿಗೆ ಬೇಲಿ ಬೇಕೇ ಬೇಕು. ಕಬ್ಬಿಣದ ಜಾಳಿಗೆ ಯಾಕೆ? ಹಳ್ಳಿಯ ನಂಟಿದ್ದವರಿಗೆ ಹತ್ತಿ ಕಟ್ಟಿಗೆ, ಜೋಳದ ದಂಟು ಸುಲಭವಾಗಿ ಸಿಗುತ್ತವೆ. ಬಿದಿರು ಗೂಟಕ್ಕೆ ಅವನ್ನು ಒತ್ತೊತ್ತಾಗಿ ಕಟ್ಟಿದರೆ ಆಯಿತು. ಸಣ್ಣ ಮರಿಗೆ ಒಂದೂವರೆ ಅಡಿ ಎತ್ತರ ಸಾಕು. ಆದರೆ ಅದು ಬೇಗ ಬೆಳೆಯುತ್ತದೆ, ಆದ್ದರಿಂದ ಗೂಟಗಳನ್ನು ಮೊದಲೇ ಮೂರು ಅಡಿಯವು ನೆಡಿ. ಇದೇ ಬೇಲಿಗೆ ಹೀರೆ ಬಳ್ಳಿ ಹಬ್ಬಿಸಬಹುದು.

ಹಿತ್ತಲಿನ ವಿಷ ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯ. ಒಂದು ಭಾನುವಾರ ಪೂರ್ತಿ ಇದಕ್ಕೇ ಇಡಿ.

ಕಣಗಿಲೆ ನಮ್ಮ ಕಡೆ ಹೆಚ್ಚುಕಡಿಮೆ ಪ್ರತಿ ಓಣಿಯಲ್ಲೂ ಇದೆ. ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಅದು ನೇರವಾಗಿ ಹೃದಯಕ್ಕೇ ತಗಲುತ್ತದೆ. ಹಳದಿ ಕಣಗಿಲೆಯಂತೂ ಇನ್ನೂ ಭಯ, ಯಾಕೆಂದರೆ ಅದರ ಕಾಯಿಯನ್ನು ಮಕ್ಕಳು ಆಟಕ್ಕೆ ಆರಿಸಿಕೊಳ್ಳುತ್ತಾರೆ. ಪೂಜೆಗೆ ಹೂ ಬೇಕು ಅಂತ ಅಜ್ಜಿ ಕಡಿಯಲು ಬಿಡದಿರಬಹುದು. ಆಗ ಹಿತ್ತಲಲ್ಲಿ ದಾಸವಾಳ ನೆಟ್ಟುಕೊಡಿ, ಕಣಗಿಲೆಯನ್ನು ಬುಡಸಮೇತ ತೆಗೆಯಿರಿ. ದತ್ತೂರಿ, ಎಕ್ಕ, ಔಡಲ ತಾವಾಗಿಯೇ ಹುಟ್ಟಿಕೊಂಡಿದ್ದರೆ ಅವನ್ನೂ ಕೀಳಿ. ಅಂದಕ್ಕೆಂದು ಕುಂಡದಲ್ಲಿ ಇಟ್ಟ ಸೈಕಸ್ (ತೆಂಗಿನ ಗರಿಯಂಥ ಎಲೆಯ ಗಿಡ್ಡ ಗಿಡ) ಇದ್ದರೆ ಯಾರಿಗಾದರೂ ಕೊಟ್ಟುಬಿಡಿ. ಅದರ ಬೀಜ ನಾಯಿಯ ಲಿವರ್ ಕೆಡಿಸುತ್ತದೆ.

ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲದ ಇನ್ನೊಂದು ವಿಷ ಗೊಬ್ಬರದ ಚೀಲದಲ್ಲಿದೆ. ಅದು ಔಡಲ ಹಿಂಡಿ. ಔಡಲ ಬೀಜದ ವಿಷ ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ನಾಯಿಗೆ ಆ ಹಿಂಡಿಯ ವಾಸನೆ ಬಹಳ ಇಷ್ಟ. ಗಿಡದ ಬುಡಕ್ಕೆ ಹಾಕಿದ್ದನ್ನು ಕೆದರಿ ತಿಂದು ಸಾಯುವ ನಾಯಿಗಳಿವೆ. ಮರಿ ಇರುವ ಮನೆಗೆ ಔಡಲ ಹಿಂಡಿ ಬೇಡವೇ ಬೇಡ. ಬೇವಿನ ಹಿಂಡಿ ಹಾಕಿ. ಕಹಿ ಇರುವುದರಿಂದ ಮರಿ ಬಾಯಿ ಹಾಕುವುದು ಕಡಿಮೆ, ಬೇರಿನ ಹುಳಕ್ಕೂ ಒಳ್ಳೆಯದು. ಇಲಿ ಪಾಷಾಣವನ್ನೂ ಬಸವನಹುಳುವಿಗೆ ಹಾಕುವ ಗುಳಿಗೆಯನ್ನೂ ಮನೆಯಿಂದಲೇ ತೆಗೆಯಿರಿ.

ಮಣ್ಣು ಹದ ಮಾಡಿ

ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರೆ ಮಣ್ಣು. ಧಾರವಾಡದ ಪಶ್ಚಿಮಕ್ಕೆ ಹೋದಂತೆ ಕೆಂಪು ಮಣ್ಣು. ಎರೆ ಮಣ್ಣು ಸಾರವುಳ್ಳದ್ದು, ಆದರೆ ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಎರಡು ಬುಟ್ಟಿ ಎರೆ ಮಣ್ಣಿಗೆ ಒಂದು ಬುಟ್ಟಿ ಉಸುಕು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ. ಮಡಿಯನ್ನು ನೆಲಕ್ಕಿಂತ ಆರರಿಂದ ಎಂಟು ಇಂಚು ಎತ್ತರಿಸಿ. ಕೆಂಪು ಮಣ್ಣಿಗೆ ಉಸುಕು ಬೇಡ, ಗೊಬ್ಬರ ಜಾಸ್ತಿ ಬೇಕು.

ಒಂದಿಷ್ಟು ಎರೆ ಮಣ್ಣನ್ನು ಬೇರೆ ತೆಗೆದಿಡಿ. ಕಾರ ಹುಣ್ಣಿಮೆಯ ಬೆನ್ನಿಗೇ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮಕ್ಕಳು ತಮ್ಮ ಹಿತ್ತಲ ಮಣ್ಣಲ್ಲೇ ಎತ್ತು ಮಾಡಿ ಪೂಜೆಗೆ ಇಡಲಿ. ಇಂಥ ಹಬ್ಬ ಇರುವ ನಾಡಿನ ಮಕ್ಕಳಿಗೆ ಮಣ್ಣು ಹೊಲಸು ಅಂತ ಹೇಳಿಕೊಡಬಾರದು ಅಂತ ನನಗನಿಸುತ್ತದೆ.

ಮರಿ ತರುವಾಗ

ಎರಡು ತಿಂಗಳು ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ನಮ್ಮ ಕಡೆಯದೇ ಅಂತ ಅಭಿಮಾನದಿಂದ ಮುಧೋಳ ನಾಯಿ ಕೇಳುವವರಿದ್ದಾರೆ. ಅದು ಬೇಟೆಗೆ ಬೆಳೆದ ತಳಿ, ಓಡಲು ಬಯಲು ಬೇಕು. ಹತ್ತು ಹೆಜ್ಜೆಯ ಹಿತ್ತಲಿಗೆ ಓಣಿಯ ಕುನ್ನಿಮರಿಯೇ ಸರಿ. ಅದು ನಮ್ಮ ಬಿಸಿಲಿಗೂ ಒಗ್ಗಿರುತ್ತದೆ.

ತಂದ ದಿನವೇ ಪಶು ವೈದ್ಯರ ಬಳಿ ಹೋಗಿ. ಬಹಳಷ್ಟು ಮರಿಗಳು ತಾಯಿಯ ಹೊಟ್ಟೆಯಲ್ಲೇ ಜಂತುಹುಳ ಪಡೆದು ಹುಟ್ಟುತ್ತವೆ. ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧ ಬೇಕಾಗುತ್ತದೆ. ತೂಕ ನೋಡಿ ವೈದ್ಯರೇ ಹೇಳುತ್ತಾರೆ. ಮರಿಗಳ ಜೀವ ತೆಗೆಯುವ ವೈರಸ್ ರೋಗಗಳಾದ ಪಾರ್ವೊ, ಡಿಸ್ಟೆಂಪರ್‌ಗೆ ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರು. ಮೂರ್ನಾಲ್ಕು ವಾರಕ್ಕೊಮ್ಮೆ ಮರುಡೋಸ್, 16 ವಾರ ತುಂಬುವವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಮುಂದಿನ ಡೋಸುಗಳನ್ನು ತಪ್ಪಿಸಬಾರದು. ಹಿಂದೆ ನಿಮ್ಮ ಹಿತ್ತಲಲ್ಲಿ ಯಾವುದಾದರೂ ಮರಿ ರಕ್ತಭೇದಿಯಿಂದ ಸತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಪೂರ್ತಿಯಾಗುವವರೆಗೆ ಹೊಸ ಮರಿಯನ್ನು ಅಲ್ಲಿ ಬಿಡಬಾರದು.

ಊಟದ ವಿಷಯಕ್ಕೆ ಬಂದರೆ, ನಮ್ಮ ಮನೆಗಳಲ್ಲಿ ಉಳಿದ ರೊಟ್ಟಿ-ಪಲ್ಲೆ ನಾಯಿಗೆ ಹಾಕುವ ರೂಢಿ. ರೊಟ್ಟಿ ಸರಿ, ಪಲ್ಲೆ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೇಯಿಸಿದರೂ ನಾಯಿಗೆ ವಿಷವೇ, ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಕೊಡಬಾರದು. ಬೆಳೆಯುವ ಮರಿಗೆ ಬರೀ ಹಾಲು-ರೊಟ್ಟಿ ಸಾಲದು. ಬೇಯಿಸಿದ ತತ್ತಿ, ಉಪ್ಪು-ಖಾರ ಇಲ್ಲದೆ ಬೇಯಿಸಿದ ಕೋಳಿ, ಸ್ವಲ್ಪ ಮೊಸರು ಜೊತೆಗಿರಲಿ.

ದಿನದ ಕೆಲಸ ಹಂಚುವುದು

ಮರಿ ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಮೇಲೆ ಶೌಚದ ಮೂಲೆಗೆ ಕರೆದೊಯ್ಯಬೇಕು. ಹತ್ತು ವರ್ಷ ದಾಟಿದ ಮಗು ಇದನ್ನು ಮಾಡಬಲ್ಲದು. ಆದರೆ ಹೊಲಸು ಎತ್ತುವುದು ದೊಡ್ಡವರದೇ ಕೆಲಸ, ಅದೂ ದಿನಾ. ಯಾಕೆ ದಿನಾ? ಮರಿಯ ಹೊಲಸಿನಲ್ಲಿರುವ ಜಂತಿನ ಮೊಟ್ಟೆ ಆ ದಿನವೇ ಅಂಟುವುದಿಲ್ಲ. ಮಣ್ಣಲ್ಲಿ ಸುಮಾರು ಎರಡು ವಾರ ಇದ್ದು ಬಲಿತ ಮೇಲೆಯೇ ಮಕ್ಕಳ ಹೊಟ್ಟೆಗೆ ಅಪಾಯ. ಕೊಕ್ಕೆಹುಳ ಇನ್ನೂ ಬೇಗ, ವಾರದೊಳಗೇ ಮರಿಯಾಗಿ ಬರಿಗಾಲಿನ ಚರ್ಮದಿಂದ ಒಳಹೊಕ್ಕುತ್ತದೆ. ಅದೇ ದಿನ ಎತ್ತಿದರೆ ಎರಡೂ ತಪ್ಪುತ್ತವೆ. ಎತ್ತಿದ್ದನ್ನು ಪಲ್ಲೆಯ ಗೊಬ್ಬರದ ಗುಂಡಿಗೆ ಹಾಕಲೇಬಾರದು.

ಮಣ್ಣಾಟ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಹಿತ್ತಲಿಗೆ ಚಪ್ಪಲಿ ಹಾಕಿಕೊಂಡೇ ಹೋಗುವುದು, ಇವೆರಡರಲ್ಲಿ ರಿಯಾಯಿತಿ ಬೇಡ. ಫೆಬ್ರುವರಿ 10ಕ್ಕೆ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಜಂತಿನ ಗುಳಿಗೆಯನ್ನೂ ಮಕ್ಕಳು ತಪ್ಪಿಸದಿರಲಿ.

ಮಕ್ಕಳಿಗೆ ಇನ್ನೆರಡು ಮಾತು ಮತ್ತೆ ಮತ್ತೆ ಹೇಳಿ. ಮರಿ ಉಣ್ಣುವಾಗ ಮುಟ್ಟಬಾರದು, ಮಲಗಿದಾಗ ಎಬ್ಬಿಸಬಾರದು. ಹಲ್ಲು ಬರುವ ವಯಸ್ಸಿನಲ್ಲಿ ಅದು ಕೈ ಕಚ್ಚಲು ಬರುತ್ತದೆ. ಆಗ ಚೀರಿ ಓಡಿದರೆ ಆಟ ಅಂದುಕೊಂಡು ಬೆನ್ನು ಹತ್ತುತ್ತದೆ. ಕೈ ಕಟ್ಟಿಕೊಂಡು ಮರದ ಹಾಗೆ ನಿಂತುಬಿಟ್ಟರೆ ತಾನೇ ಬಿಡುತ್ತದೆ. ಹಲ್ಲು ತಾಗಿ ರಕ್ತ ಬಂದರೆ, ಗೀರಿದರೂ ಸರಿ, ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ನಮ್ಮದೇ ಮರಿ ಅಲ್ವಾ ಅಂತ ಸುಮ್ಮನಿರಬೇಡಿ.

ಬೀಜ ಹಾಕುವ ದಿನ

ಮೊದಲ ಬೆಳೆ ಮೆಂತೆಯೇ ಇರಲಿ. ರಾತ್ರಿ ನೆನೆಸಿ, ಬೆಳಿಗ್ಗೆ ಮಡಿಯಲ್ಲಿ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿದರೆ ಮೂರ್ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ. ಮಕ್ಕಳ ತಾಳ್ಮೆಗೆ ಇದಕ್ಕಿಂತ ಒಳ್ಳೆಯ ಬೀಜ ಇಲ್ಲ. ತಿಂಗಳೊಳಗೆ ಪಲ್ಲೆ ಕೈಗೆ ಬರುತ್ತದೆ. ಕೊತ್ತಂಬರಿ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು, ಅದಕ್ಕೆ ಎಂಟು-ಹತ್ತು ದಿನ ಹಿಡಿಯುತ್ತದೆ. ಪುಂಡಿ, ರಾಜಗಿರಿ ಮಳೆಗಾಲದಲ್ಲಿ ಹೆಚ್ಚು ಆರೈಕೆ ಕೇಳುವುದಿಲ್ಲ. ಸಣ್ಣ ಕೈಗಳಿಗೆ ಬೆಂಡೆ, ಚವಳಿ, ಹೀರೆಯಂಥ ದಪ್ಪ ಬೀಜ ಕೊಡಿ, ಒಂದೊಂದಾಗಿ ಊರಲಿ.

ನಳದ ನೀರು ದಿನಾ ಬಾರದ ಬಡಾವಣೆಗಳಲ್ಲಿ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದಿಡಿ. ಚಿಕ್ಕವರು ತಂಬಿಗೆಯಿಂದ ಹಾಕಲಿ. ಮರಿಯ ನೀರಿನ ಬಟ್ಟಲು ಮಾತ್ರ ಬೇರೆ, ಅದಕ್ಕೆ ದಿನಾ ಹೊಸ ನೀರು. ಮಳೆಗಾಲದಲ್ಲಿ ಹಿತ್ತಲಲ್ಲಿ ನಿಂತ ನೀರನ್ನು ಮರಿ ಕುಡಿಯದಂತೆ ನೋಡಿಕೊಳ್ಳಿ. ಇಲಿ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ, ಅದು ಮಕ್ಕಳಿಗೂ ಅಂಟುತ್ತದೆ.

ಮಳೆ ಕಡಿಮೆಯಾಗಿ ಹಿಂಗಾರು ಮಡಿ ಮಾಡುವ ಹೊತ್ತಿಗೆ ಹೊಸ ಬೀಜ ಬೇಕಾಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ, ಅಲ್ಲಿ ಬೀಜ ಸಿಗುತ್ತದೆ. ಮುಂದಿನ ಮಡಿಗೆ ಏನು ಬೇಕು ಅಂತ ಮಕ್ಕಳೇ ಆರಿಸಲಿ, ಅವರನ್ನೂ ಕರೆದುಕೊಂಡು ಹೋಗಿ. ಮರಿ ಮನೆಯಲ್ಲೇ ಇರಲಿ, ಅಲ್ಲಿ ಗದ್ದಲ ಬಹಳ.