ಬೋಟ್ ಟ್ರೇಲರ್ ಲೈಟ್ ಕೈಕೊಟ್ಟರೆ ಮೊದಲು ಬಿಳಿ ವೈರ್ ನೋಡಿ

ಅಮೆರಿಕದಲ್ಲಿ ಮೀನು ಹಿಡಿಯೋಕೆ ಅಂತ ಸಣ್ಣ ಬೋಟ್ ಇಟ್ಟುಕೊಂಡಿರುವ ನಮ್ಮವರಿಗೆ ಒಂದು ಮಾತು. ಕಳೆದ ವಾರ ನನ್ನ ಟ್ರೇಲರ್‌ನಲ್ಲಿ ಎಡಗಡೆ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಲೈಟ್ ಮಂಕಾಗಿ ಮಿಣುಕುತ್ತಿತ್ತು. ಬಲ್ಬ್ ಬದಲಾಯಿಸಿದೆ, ಸುಮ್ನೆ ದುಡ್ಡು ದಂಡ. ಲೈಟ್ ಹೀಗೆ ಹುಚ್ಚುಚ್ಚಾಗಿ ಆಡಿದರೆ ಹೆಚ್ಚಿನ ಸಲ ಅದು ಅರ್ಥ್ ತೊಂದರೆ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ ಕೆಟ್ಟಿರುತ್ತದೆ.

ಟ್ರೇಲರನ್ನು ಗಾಡಿಗೆ ಜೋಡಿಸುವ ನಾಲ್ಕು ಪಿನ್ನಿನ ಚಪ್ಪಟೆ ಪ್ಲಗ್ಗಿನಲ್ಲಿ ಬಿಳಿ ವೈರ್ ಅರ್ಥ್, ಕಂದು ಟೈಲ್ ಲೈಟಿಗೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಬ್ರೇಕ್‌ಗೂ ಇಂಡಿಕೇಟರ್‌ಗೂ ಅದೇ ಹಳದಿ, ಹಸಿರು. ಬಿಳಿ ವೈರ್ ಹಿಡಿದು ಹೋದೆ. ಟ್ರೇಲರ್ ಮೂತಿಯ ಹತ್ತಿರ ಸ್ಕ್ರೂ ಕೆಳಗೆ ತುಕ್ಕು, ವೈರ್ ತುದಿಯಲ್ಲಿ ಹಸಿರು ಕಿಲುಬು! ಸ್ಕ್ರೂ ಬಿಚ್ಚಿ, ಉಪ್ಪುಕಾಗದದಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ವೈರ್ ತುದಿ ಕತ್ತರಿಸಿ ಹೊಸ ರಿಂಗ್ ಲಗ್ (ಸ್ಕ್ರೂ ತೂರಿಸುವ ಲೋಹದ ಬಳೆ) ಹಾಕಿದೆ. ಹತ್ತೇ ನಿಮಿಷದ ಕೆಲಸ.

ಇಷ್ಟೆಲ್ಲ ಮಾಡುವ ಮೊದಲು ಗಾಡಿ ಕಡೆಯ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಉರಿಯುವ ಪುಟ್ಟ ದೀಪ) ಹಿಡಿದು ನೋಡಿ. ಅಲ್ಲೇ 12 ವೋಲ್ಟ್ ಬರದಿದ್ದರೆ ತಪ್ಪು ಟ್ರೇಲರ್‌ದಲ್ಲ, ಗಾಡಿಯ ಫ್ಯೂಸ್ ನೋಡಿ.

ಜಾಯಿಂಟಿಗೆ ಬರೀ ಟೇಪ್ ಸುತ್ತಬೇಡಿ, ನೀರು ಸೇರುತ್ತದೆ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಬಿಗಿಯಾಗುವ ಕೊಳವೆ) ಸಿಗುತ್ತದೆ, ಅದನ್ನೇ ಹಾಕಿ. ಹಳೇ ಬಲ್ಬ್ ಲೈಟಾದರೆ ಬೋಟ್ ನೀರಿಗಿಳಿಸುವ ಮುಂಚೆ ಪ್ಲಗ್ ಕಿತ್ತುಬಿಡಿ. ಕಾದ ಬಲ್ಬಿಗೆ ತಣ್ಣೀರು ತಾಗಿದರೆ ಒಡೆಯದೆ ಇರುತ್ತದಾ?